ಕೆಂಪು ಗಾಡಿಗೆ ಕೈ ಅಡ್ಡ ಹಿಡಿದದ್ದು

ದಿಕ್ಕುಗಳ ವಿಷಯದಲ್ಲಿ ನಾನು ನಂಬಲರ್ಹನಲ್ಲವೆಂಬುದು ಈಚೆಗಷ್ಟೇ ಸಾಬೀತಾಗಿರುವುದರಿಂದ, ಈ ನಿರೂಪಣೆಯಲ್ಲಿ ಪೂರ್ವವು ಪಶ್ಚಿಮವಾಗಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು. ಬಿಚ್ಚಿದ ನಕ್ಷೆಯನ್ನು ಅದರ ಮೂಲ ಮಡಿಕೆಗಳಿಗೇ ಮರಳಿಸುವುದು ಎಷ್ಟು ದುಸ್ಸಾಧ್ಯವೆಂಬುದನ್ನು ನೀವೂ ಬಲ್ಲಿರಿ; ವಿದೇಶದಲ್ಲಿ ನೆಲೆಸಿದ ಮೇಲೆ ಹೇವರ್ಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಭಾನುವಾರ ನಾನು ತಪ್ಪದೆ ಆಚರಿಸುತ್ತಿದ್ದ ಏಕೈಕ ವ್ರತವದು.

ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದ ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅಪರಿಚಿತ ಬೀದಿಗೆ ಹೋದಾಗ ಎದುರಾದವರನ್ನೆಲ್ಲ ದಾರಿ ಕೇಳುತ್ತಿದ್ದರು. ಪಕ್ಕದಲ್ಲಿ ಕುಳಿತು ನಾಚಿಕೆಯಿಂದ ಕುಗ್ಗುತ್ತಿದ್ದ ನಾನು, ಓದಿದವನು ಯಾರನ್ನೂ ಕೇಳಬಾರದೆಂಬ ನಿಯಮವನ್ನು ಅಂದೇ ಮಾಡಿಕೊಂಡೆ.

ಆ ನಿಯಮದ ಭಾರ ಹೊತ್ತವಳು ನನ್ನ ಹೆಂಡತಿ ಸುಮಿತ್ರೆ. ಕೊಲ್ಲಿಯ ಸೇತುವೆಯಾಚೆ, ಫಾಸ್ಟರ್ ಸಿಟಿಯ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ರಜೆ ಮುಗಿಸಿ ಮರಳಿದೊಡನೆ ಉತ್ತರ ತಿಳಿಸಬೇಕಿತ್ತು. ಅಲ್ಲಿಗೆ ಹೋಗಿಬರಲು ಕಾರು ಕಲಿಯುವೆನೆಂದಾಗಲೆಲ್ಲ ನಾನು ಮಂಜು, ಗಾಳಿ, ಫ್ರೀವೇಯ ಗೋಜಲುಗಳ ಕುರಿತು ಉಪನ್ಯಾಸ ನೀಡಿ, "ನೀನು ದಾರಿ ತಪ್ತೀಯ" ಎಂದು ಮುಗಿಸುತ್ತಿದ್ದೆ.

ಆ ರಜೆಯಲ್ಲಿ ಮೈಸೂರಿಗೆ ಹೊರಟವರು ನಡುವೆ ಮೂರು ದಿನ ಉತ್ತರ ಥಾಯ್ಲೆಂಡಿನ ಪುರಾತನ ನಗರ ಚಿಯಾಂಗ್ ಮಾಯ್‌ನಲ್ಲಿ ತಂಗಿದೆವು. ಚೌಕಾಕಾರದ ಕಂದಕ, ಮೂಲೆಗಳಲ್ಲಿ ಒಂದೇ ತೆರನ ಶಿಥಿಲ ಕೋಟೆಗೋಡೆ. ಕೈಯಲ್ಲಿ ನಿಮಿಷಗಳ ಸಹಿತ ಟೈಪು ಮಾಡಿದ ವೇಳಾಪಟ್ಟಿಯಿತ್ತು. ನೋಡಬೇಕೆಂದಿದ್ದ ಹಳೆಯ ದೇವಾಲಯಕ್ಕೆ ಹೋಗುವ ಬಸ್ಸಿನ ನಿಲ್ದಾಣ ಮಾತ್ರ ಕಾಣಲಿಲ್ಲ. ಫಲಕಗಳ ಮೇಲೆ ನಮ್ಮ ಲಿಪಿಯ ದೂರದ ನೆಂಟರಂತಿದ್ದ ದುಂಡಕ್ಷರಗಳಲ್ಲಿ ಒಂದನ್ನೂ ಓದಲಾರದೆ ನಾನು ಅಪ್ಪನಷ್ಟೇ ನಿರಕ್ಷರಿಯಾಗಿದ್ದೆ. ಹಿಂಬದಿಯಲ್ಲಿ ಎರಡು ಬೆಂಚುಗಳಿದ್ದ ಕೆಂಪು ಗಾಡಿಗಳು ಪದೇಪದೇ ಬಂದು ಹಾರ್ನ್ ಹೊಡೆದವು. ಮಾರ್ಗಸಂಖ್ಯೆಯಿಲ್ಲದ ವಾಹನವನ್ನು ನಂಬುವುದುಂಟೇ ಎಂದು ತಲೆಯಾಡಿಸಿ ಸಾಗಹಾಕಿದೆ. ಬಿಸಿಲಿನಲ್ಲಿ ಕಂದಕಕ್ಕೆ ಪೂರ್ಣ ಪ್ರದಕ್ಷಿಣೆ ಹಾಕಿ, ಹೊರಟ ಮೂಲೆಗೇ ಬಂದೆವು.

"ಡ್ಯಾಡ್, ವಿ ಸಾ ದಿಸ್ ಟ್ರೀ," ಎಂದಳು ಎಂಟು ವರ್ಷದ ಮಗಳು ರಮ್ಯ.

"ರೀ, ಯಾರನ್ನಾದ್ರೂ ಕೇಳಿ," ಎಂದಳು ಸುಮಿತ್ರೆ.

"ಮ್ಯಾಪಲ್ಲಿದೆ, ತಾಳು."

"ಮ್ಯಾಪಿಗೂ ಸುಸ್ತಾಗಿದೆ ಕಣ್ರೀ. ಇದು ನಮ್ಮೂರ ಟೆಂಪೋ ಥರಾನೇ. ಕೈ ಅಡ್ಡ ಹಿಡಿದ್ರಾಯ್ತು!"

ಹಿಡಿದೇಬಿಟ್ಟಳು. ದೇವಾಲಯದ ಹೆಸರನ್ನು ಪ್ರಶ್ನೆಯಂತೆ ಉಚ್ಚರಿಸಿದಳು. ಚಾಲಕ ಯೋಚಿಸಿ, ಹತ್ತಿ ಎಂಬಂತೆ ತಲೆಯಾಡಿಸಿದ. ಒಳಗೆ ಸೊಪ್ಪಿನ ಬುಟ್ಟಿಯ ಅಜ್ಜಿಯೊಬ್ಬಳು ಸರಿದು ಜಾಗ ಕೊಟ್ಟಳು. ಗಾಡಿ ಮೊದಲು ಅಜ್ಜಿಯ ಓಣಿಗೆ, ಆಮೇಲೆ ಮತ್ಯಾರದೋ ಮನೆಗೆ ತಿರುಗಿತು. ಪ್ರತಿ ತಿರುವಿನಲ್ಲೂ ನನ್ನ ಬೆರಳು ನಕ್ಷೆಯ ಮೇಲೆ ಚಡಪಡಿಸಿತು. ಒಂದೆಡೆ ಚಾಲಕನೇ ಕಿಟಕಿಯಿಂದ ಬಾಗಿ, ಹೂ ಮಾರುವವಳನ್ನು ಏನೋ ಕೇಳಿದ. ಬಾಗಿದ ಆ ಭುಜ ಥೇಟ್ ಅಪ್ಪನದು. ಅಪ್ಪ ಕೇಳಿ ಕೇಳಿಯೇ ಒಂದು ಸವಾರಿಯನ್ನೂ ತಪ್ಪಾದ ಮನೆಗೆ ಇಳಿಸಿದವರಲ್ಲವೆಂಬುದು ಆಗ ನೆನಪಾಯಿತು. ಸುಮಿತ್ರೆಗೂ ದಾರಿ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವುದು ಗೊತ್ತಿತ್ತು.

ದೇವಾಲಯದ ಇಟ್ಟಿಗೆಯ ಭಗ್ನ ಸ್ತೂಪದೆದುರು ಇಳಿದಾಗ ಅವಳು ಕೇಳಿದಳು: "ಈಗ ಹೇಳಿ, ದಾರಿ ತಪ್ಪಿದ್ದು ಯಾರು?"

ನಾನು ನಕ್ಷೆ ಮಡಿಸತೊಡಗಿದೆ. ಅದೂ ಸರಿಯಾಗಲಿಲ್ಲ. ಕೊನೆಗೆ, "ಹೋದ್ಮೇಲೆ ಕೆಲಸಕ್ಕೆ ಹ್ಞೂಂ ಅಂದ್ಬಿಡು," ಎಂದೆ.

ಮರಳಿದ ವಾರವೇ ಅವಳು ಒಪ್ಪಿಗೆ ತಿಳಿಸಿದಳು. ಎರಡನೆಯ ಪ್ರಯತ್ನದಲ್ಲಿ ಲೈಸೆನ್ಸು ಬಂತು. ಈಗ ಕಾರು ಅವಳದು. ಪ್ರತಿದಿನ ಸೇತುವೆ ದಾಟುತ್ತಾಳೆ, ನಾನು ಓಕ್ಲ್ಯಾಂಡಿನ ಆಫೀಸಿಗೆ ರೈಲಿನಲ್ಲಿ ಹೋಗುತ್ತೇನೆ, ಮೊದಲು ಬಂದವರು ಅಡುಗೆ ಮಾಡುತ್ತೇವೆ. ನಮ್ಮೂರಿನ ಆ ಹಳೆಯ ವ್ರತದ ನಕ್ಷೆ ಕಾರಿನಲ್ಲೇ ಇದೆ, ಅಡ್ಡಾದಿಡ್ಡಿ ಮಡಿಚಿಕೊಂಡು; ಭಾನುವಾರಗಳಲ್ಲಿ ಅದನ್ನು ಯಾರೂ ಸರಿಪಡಿಸುವುದಿಲ್ಲ.