ಪೆಸ್ಯಾ ಕೊಡಲೊಲ್ಲದ ಹೆಸರು

ಪೆಸ್ಯಾ ಗರಿ ಬಿಡಿಸುವವಳು. ನೀಸ್ಟರ್ ಹೊಳೆಯ ದಡದ ನಮ್ಮ ಯೆಹೂದಿ ಪೇಟೆಯಲ್ಲಿ ಯಾವ ಹುಡುಗಿಗೆ ಮದುವೆ ಗೊತ್ತಾದರೂ ದಿಂಬಿಗೆ, ಹೊದಿಕೆಗೆ ಹೆಬ್ಬಾತಿನ ಗರಿ ಬೇಕು. ಚಳಿಗಾಲ ಪೂರ್ತಿ ನಾವು ಹೆಂಗಸರು ಅವಳ ಮೇಜಿನ ಸುತ್ತ ಕೂತು ದಂಟಿನಿಂದ ಮೆತ್ತನೆಯ ಎಳೆ ಕೀಳುತ್ತಿದ್ದೆವು. ಆ ಕೆಲಸದಲ್ಲಿ ನಗುವಂತಿಲ್ಲ. ಒಬ್ಬಳು ಕಿಸಕ್ಕೆಂದರೆ ಸಾಕು, ಅರ್ಧ ದಿನದ ದುಡಿಮೆ ಹಾರಿ ಸೂರು ಸೇರುತ್ತದೆ. ಹಾಗಾಗಿ ಪೆಸ್ಯಾ ಅಳಿಸುವ ಹಾಡುಗಳನ್ನೇ ಹಾಡುತ್ತಿದ್ದಳು: ದಂಡಿಗೆ ಹಿಡಿದುಕೊಂಡು ಹೋದ ಹುಡುಗನದು, ಮಲತಾಯಿ ಮನೆಯ ಹೆಣ್ಣಿನದು, ಹಡಗು ಹತ್ತಿದ ಗಂಡನದು.

ಕೊನೆಯದು ಅವಳದೇ ಕತೆ. ಅವಳ ಗಂಡ ದುಡಿದು ಕರೆಸಿಕೊಳ್ಳುತ್ತೇನೆಂದು ಅರ್ಜೆಂಟೀನಾಕ್ಕೆ ಹೋದ. ಪೆಸ್ಯಾ ಆರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅಲ್ಲಿ ಅವನಿಗೆ ಇನ್ನೊಬ್ಬ ಹೆಂಡತಿ, ಮೂರು ಮಕ್ಕಳು ಎಂದು ಯಾರೋ ಬರೆದರು. ಆ ಪುಣ್ಯಾತ್ಮ ಗಂಡನ ಹೆಸರನ್ನು ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಎತ್ತಲಿಲ್ಲ. ಮಗ ಶಾಯಾನನ್ನೂ ಮಗಳು ಗೆನ್ಯಾಳನ್ನೂ ಅವಳು ಗರಿಯಲ್ಲೇ ಸಾಕಿದಳು. ಅವಳು ಕಾಡುಕಲ್ಲಿನಂಥ ಹಟಮಾರಿ. ಪಕ್ಕದ ಮನೆಯ ದರ್ಜಿ ನಾನು, ಎತ್ಯಾ. ಇಪ್ಪತ್ತು ವರ್ಷ ಅವಳೊಡನೆ ಜಗಳವಾಡಿದವಳು, ನನಗೆ ಗೊತ್ತಿಲ್ಲವೇ?

ಮಕ್ಕಳಿಗೆ ಅವಳು ಕಟ್ಟಿದ ತೊಟ್ಟಿಲ ಹಾಡೊಂದಿತ್ತು. ಹೆಬ್ಬಾತು ಪೇಟೆಗೆ ಹೋಗುತ್ತದೆ, ಶಾಯಾನಿಗೆ ಬೂಟು ತರುತ್ತದೆ, ಮಂಜು ಬೀಳುವ ಮೊದಲೇ ಮನೆಗೆ ಬರುತ್ತದೆ. ತೊಟ್ಟಿಲಲ್ಲಿ ಯಾರಿದ್ದರೆ ಅವರ ಹೆಸರು ಹಾಕಿಕೊಂಡು ಇಡೀ ಬೀದಿಯೇ ಅದನ್ನು ಹಾಡುತ್ತಿತ್ತು.

ನಲವತ್ತೊಂದರ ಬೇಸಿಗೆಯಲ್ಲಿ ಶಾಯಾನನ್ನು ದಂಡಿಗೆ ಕರೆದರು. ಹತ್ತು ದಿನಕ್ಕೆ ಶತ್ರುವಿನ ದಂಡು ಬಂದು, ಯೆಹೂದಿಗಳೆಂದು ನಮ್ಮನ್ನು ಮುಳ್ಳುತಂತಿಯೊಳಗೆ ತಳ್ಳಿತು. ಅಲ್ಲಿ ಮೂರು ಚಳಿಗಾಲ. ಎರಡನೆಯದರಲ್ಲಿ ನನ್ನ ಗಂಡ ಆನ್ಶೆಲ್ ಟೈಫಸ್ ಜ್ವರಕ್ಕೆ ಹೋದ. ಯಾವ ಗುಂಡಿಗೆ ಹಾಕಿದರೆಂದು ಇವತ್ತಿಗೂ ತಿಳಿಯದು. ನಮಗೆ ಮಕ್ಕಳಿರಲಿಲ್ಲ. ಯುದ್ಧ ಮುಗಿದಾಗ ಸಾವಿರ ಮನೆಯ ಪೇಟೆಯಲ್ಲಿ ಅರವತ್ತು ಒಲೆ ಹೊತ್ತಿದವು. ಪೆಸ್ಯಾಗೆ ದಂಡಿನ ಕಚೇರಿಯಿಂದ ಒಂದು ಚೀಟಿ ಬಂತು: ಶಾಯಾ ಪತ್ತೆಯಿಲ್ಲ.

"ಪತ್ತೆಯಿಲ್ಲ ಅಂತ ಬರ್ದವ್ರೆ. ಸತ್ತ ಅಂತ ಬರ್ದಿಲ್ಲ," ಎನ್ನುತ್ತಿದ್ದಳು ಪೆಸ್ಯಾ. ಗರಿ ಬಿಡಿಸಲು ಮತ್ತೆ ಕೂತಳು, ಆದರೆ ಹಾಡಿಗೆ ಬೀಗ. ನಾವು ಸುಮ್ಮನೆ ಕೂತು ಕೀಳುತ್ತಿದ್ದೆವು. ನಗುವ ಭಯವಂತೂ ಇರಲಿಲ್ಲ.

ನಲವತ್ತೇಳರ ವಸಂತದಲ್ಲಿ ಗೆನ್ಯಾ ಗಂಡುಮಗು ಹೆತ್ತಳು. ಎರಡು ದಿನ ನೋವು ತಿಂದಳು. ಸೂಲಗಿತ್ತಿ ಕೈ ತೊಳೆಯುತ್ತಾ, "ಇದೊಂದೇ ಕಣ್ರಮ್ಮ. ಇನ್ನೊಂದು ಆಸೆ ಬೇಡ," ಎಂದು ಹೇಳಿ ಹೋದಳು.

ನಮ್ಮಲ್ಲಿ ಬದುಕಿದ್ದವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಇಟ್ಟರೆ ಅವರ ಆಯಸ್ಸನ್ನು ಕಿತ್ತುಕೊಂಡಂತೆ. ಸತ್ತವರ ಹೆಸರನ್ನೇ ಇಡಬೇಕು. ಅರವತ್ತು ಮನೆಗಳಲ್ಲಿ ಯುದ್ಧದ ನಂತರ ಹುಟ್ಟಿದ ಮೊದಲ ಗಂಡುಮಗು ಇದು. ಕಾಯುತ್ತಿದ್ದ ಸತ್ತವರ ಲೆಕ್ಕ ಯಾರಿಗೆ ಗೊತ್ತು? ಬಾಣಂತಿ ನೋಡುವ ನೆಪದಲ್ಲಿ ಒಬ್ಬೊಬ್ಬರೇ ಬಂದರು. ಒಬ್ಬರ ಕೈಯಲ್ಲಿ ಮೊಟ್ಟೆ, ಒಬ್ಬರ ಕೈಯಲ್ಲಿ ಜೋಳದ ಹಿಟ್ಟು, ಎಲ್ಲರ ಬಾಯಲ್ಲೂ ಒಂದೊಂದು ಹೆಸರು. ನಾನೂ ಕೇಳಿದೆ. ಸುಳ್ಳು ಯಾಕೆ ಹೇಳಲಿ? ಆನ್ಶೆಲ್‌ನ ಹೆಸರು ಹಿಡಿದು ಕೂಗುವವರು ಭೂಮಿಯ ಮೇಲೆ ನನ್ನನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ.

ಗೆನ್ಯಾಗೆ ಬೇರೆ ಯೋಚನೆಯೇ ಇರಲಿಲ್ಲ. ನಾನು ಮಗುವಿನ ಅಂಗಿ ಹೊಲಿಯುತ್ತಾ ಅಲ್ಲೇ ಕೂತಿದ್ದಾಗ ಕೇಳಿಯೇಬಿಟ್ಟಳು.

"ಅಮ್ಮ, ಶಾಯಾ ಅಂತ ಇಡೋಣ."

"ಬದುಕಿರೋನ ಹೆಸರು ಇಡ್ತಾರೇನೇ?"

"ಬದುಕಿದಾನೆ ಅಂತ ಯಾರಮ್ಮ ಹೇಳಿದ್ದು?"

"ಸತ್ತಿದಾನೆ ಅಂತ ನಿಂಗ್ಯಾರು ಹೇಳಿದ್ದು? ನೀನು ನೋಡ್ದೆಯಾ? ಅಣ್ಣ ನಿನ್ನ ಹೆಗಲ ಮೇಲೆ ಹೊತ್ಕೊಂಡು ತಿರುಗಿದ್ದಕ್ಕೆ ಒಳ್ಳೇ ಋಣ ತೀರಿಸ್ತಿದೀಯಾ."

ಗೆನ್ಯಾ ಗೋಡೆಗೆ ಮುಖ ಮಾಡಿ ಮಲಗಿದಳು. ಅಳಿಯ ರುವೆನ್ ಸಾಧು ಪ್ರಾಣಿ. ಅವನ ತಂದೆಯ ಹೆಸರನ್ನು ಅಣ್ಣನ ಮಗನಿಗೆ ಯುದ್ಧಕ್ಕೆ ಮೊದಲೇ ಇಟ್ಟಿದ್ದರು. "ಅತ್ತೆ ಹೇಳ್ದಂಗೆ ಆಗ್ಲಿ" ಎಂದು ಸೌದೆ ಒಡೆಯಲು ಎದ್ದುಹೋದ. ಪೆಸ್ಯಾ ನನ್ನ ಕಡೆ ತಿರುಗಿದಳು.

"ಎತ್ಯಾ, ನಿನ್ನ ಆನ್ಶೆಲ್ ಹೆಸರೇ ಇಡ್ತೀನಿ. ಒಳ್ಳೆ ಮನುಷ್ಯ. ಗೊರಕೆ ಮಾತ್ರ ಮೂರು ಮನೆಗೆ ಕೇಳ್ತಿತ್ತು."

ನಾನು ಅವಳ ಕೈ ಹಿಡಿದು ಅತ್ತುಬಿಟ್ಟೆ. ಗೆನ್ಯಾಳ ಬೆನ್ನು ನನಗೆ ಕಾಣುತ್ತಿತ್ತು, ಆದರೂ ನಾನು ಬೇಡ ಎನ್ನಲಿಲ್ಲ. ದುಃಖ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಎನ್ನುವವರು ದುಃಖ ಪಟ್ಟವರಲ್ಲ.

ಏಳನೆಯ ದಿನ ಮಧ್ಯಾಹ್ನ ಮಗು ಒಂದೇ ಸಮನೆ ಚೀರುತ್ತಿತ್ತು. ಗೆನ್ಯಾ ಇನ್ನೂ ಏಳುವ ಸ್ಥಿತಿಯಲ್ಲಿರಲಿಲ್ಲ. ಪೆಸ್ಯಾ ತೊಟ್ಟಿಲು ತೂಗಿದಳು, ಮಗುವನ್ನು ಎತ್ತಿದಳು, ಬೈದಳು, ಯಾವುದೂ ನಡೆಯಲಿಲ್ಲ. ಕೊನೆಗೆ ಹಾಡತೊಡಗಿದಳು. ಆರು ವರ್ಷದ ಮೇಲೆ ಅವಳ ಹಾಡು ಕೇಳಿ ನನ್ನ ಸೂಜಿ ನಿಂತಿತು. ಹೆಬ್ಬಾತು ಪೇಟೆಗೆ ಹೋಯಿತು. ಹೆಸರಿನ ಜಾಗ ಬಂದಾಗ "ಆನ್ಶೆಲ್" ಎಂದಳು. ಅಲ್ಲಿಗೆ ಹಾಡು ಕಡಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಳು.

ಗೆನ್ಯಾ ಗೋಡೆಯ ಕಡೆಯಿಂದಲೇ ಮೆಲ್ಲಗೆ ಕೇಳಿದಳು, "ಅಮ್ಮ, ನೀನು ಹೋದ್ಮೇಲೆ ಶಾಯಾನ್ನ ಯಾರು ಕಾಯ್ತಾರೆ?"

ಪೆಸ್ಯಾ ಮಗುವನ್ನು ಎತ್ತಿ ಅವಳ ಪಕ್ಕದಲ್ಲಿ ಮಲಗಿಸಿದಳು.

ಮರುದಿನ ಸುನ್ನತಿ, ಹೆಸರಿಡುವುದೂ ಅಂದೇ. ಕಾಲ ಕೆಟ್ಟಿತ್ತು. ಇಂಥ ಶಾಸ್ತ್ರ ನಡೆದಿದೆಯೆಂದು ಸೋವಿಯತ್ ಸರ್ಕಾರದವರಿಗೆ ತಿಳಿದರೆ ಕಾರ್ಖಾನೆಯಲ್ಲಿ ರುವೆನ್‌ನ ಕೆಲಸ ಹೋಗುತ್ತಿತ್ತು. ಅದಕ್ಕೇ ನನ್ನ ಮನೆಯಲ್ಲಿ, ಕಿಟಕಿಗೆ ಹೊದಿಕೆ ಇಳಿಬಿಟ್ಟು ನಡೆಸಿದೆವು. ಪಕ್ಕದ ಊರಿಂದ ಬಂದ ಮುದುಕ ತನ್ನ ಕೆಲಸ ಮುಗಿಸಿ, ದ್ರಾಕ್ಷಾರಸದ ಲೋಟ ಎತ್ತಿ ಕೇಳಿದ:

"ಹೆಸರು ಏನಪ್ಪಾ?"

ರುವೆನ್ ಅತ್ತೆಯ ಮುಖ ನೋಡಿದ. ಹೆಂಗಸರು ನಾವು ಬಾಗಿಲಲ್ಲಿ ನಿಂತಿದ್ದೆವು. ಪೆಸ್ಯಾಳ ತುಟಿ ಅಲುಗಿತು. ಮುದುಕ ಕಿವಿಗೆ ಕೈ ಆನಿಸಿದ.

"ಜೋರಾಗಿ ಹೇಳಮ್ಮ."

"ಶಾಯಾ," ಎಂದಳು ಪೆಸ್ಯಾ. ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದಳು.

ಕೊಟ್ಟ ಮಾತು ಕಿತ್ತುಕೊಂಡಳಲ್ಲ ಎಂದು ನನಗೆ ಸಿಟ್ಟು ಬಂದದ್ದು ನಿಜ. ಎಲ್ಲರೂ ಶುಭ ಹಾರೈಸಿ ಲೋಟ ಎತ್ತುತ್ತಿದ್ದಾಗ ನಾನು ಅಡುಗೆಮನೆಗೆ ಹೋದೆ. ಅಲ್ಲಿ ಪೆಸ್ಯಾ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಸೌದೆಯ ಬಳಿಯ ಗಿಡ್ಡ ಮಣೆಯ ಮೇಲೆ ಕೂತಿದ್ದಳು. ಸಾವಿನ ಸುದ್ದಿ ತಿಂಗಳು ಕಳೆದು ಬಂದರೆ ನಮ್ಮಲ್ಲಿ ಏಳು ದಿನ ಸೂತಕ ಕೂರುವುದಿಲ್ಲ, ಒಂದೇ ಗಂಟೆ ಕೂರುವುದು. ಸುದ್ದಿ ಅವಳಿಗೆ ಯಾರೂ ತಂದಿರಲಿಲ್ಲ. ತನ್ನ ಬಾಯಿಂದ ತಾನೇ ಹೇಳಿಕೊಂಡಿದ್ದಳು.

"ಬೈಯೋದಿದ್ರೆ ಬೈದುಬಿಡು, ಎತ್ಯಾ."

"ನಿನ್ನ ಬೈಯೋಕೆ ಇಡೀ ಬೇಸಿಗೆ ಇದೆ," ಎಂದು ಅವಳ ಪಕ್ಕ ನೆಲದ ಮೇಲೆ ಕೂತೆ. ಹಜಾರದಲ್ಲಿ ಗಂಡಸರು ಹಾಡತೊಡಗಿದರು. ಕೂತವರನ್ನು ಎಬ್ಬಿಸುವವರು ಬೇರೆಯವರೇ ಆಗಬೇಕು. ಗೋಡೆಯ ಗಡಿಯಾರ ನೋಡಿ ನಾನು ಅವಳ ರಟ್ಟೆ ಹಿಡಿದೆ.

"ಏಳೇ ಪೆಸ್ಯಾ. ಗಂಟೆಯಾಯ್ತು."

"ಇಷ್ಟೇನಾ?" ಎಂದಳು. ಅವಳು ಅತ್ತದ್ದು ಆಗ. ನಾನು ಮತ್ತೆ ಕೂತೆ, ಗಡಿಯಾರ ಹಾಳಾಗಲಿ.

ಆ ಚಳಿಗಾಲ ಅವಳು ಗರಿಯ ಮುಂದೆ ಕೂತು ಮತ್ತೆ ಹಾಡಿದಳು. ದನಿ ಒಡೆದಿತ್ತು. ತೊಟ್ಟಿಲ ಹಾಡನ್ನು ಮಾತ್ರ ಗೆನ್ಯಾಗೆ ಬಿಟ್ಟುಕೊಟ್ಟಳು.

ಅವಳು ಇನ್ನೂ ಒಂಬತ್ತು ವರ್ಷ ಬದುಕಿದಳು. ಮೊಮ್ಮಗ ದಿನವಿಡೀ ಹಿತ್ತಲಲ್ಲಿ ಆಡುತ್ತಿದ್ದ. ಊಟದ ಹೊತ್ತಿಗೆ ಪೆಸ್ಯಾ ಬಾಗಿಲಿಗೆ ಬಂದು, "ಶಾಯಾ, ಬಾರೋ, ಸಾರು ಆರೋಗತ್ತೆ," ಎಂದು ಕೂಗುತ್ತಿದ್ದಳು. ಅವಳು ಬರುತ್ತಿದ್ದುದು ಮುಂಬಾಗಿಲಿಗೆ. ಕೂಗಿ, ಒಂದು ಕ್ಷಣ ರಸ್ತೆಯ ಕಡೆ ನೋಡಿ, ಆಮೇಲೆ ಹಿತ್ತಲಿಗೆ ಹೋಗುತ್ತಿದ್ದಳು.