ವಾಡಿಯ ಲಾಡ್ಜಿನ ರಿಜಿಸ್ಟರು

ಮಗಳ ಕಣ್ಣಿನ ಆಪರೇಶನ್ನಿಗೆಂದು ನಾಲವಾರದಿಂದ ಹೈದರಾಬಾದಿಗೆ ಹೊರಟವರು, ಗಾಡಿ ಬದಲಿಸಲು ವಾಡಿಯಲ್ಲಿಳಿದು ಲಾಡ್ಜಿನಲ್ಲಿ ತಂಗಿದ್ದೆವು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಾಗಿಲು ತೆರೆದರೆ ಎದುರಿಗೇ ವಿಭೂತಿ ಹಚ್ಚಿದ ಅಪರಿಚಿತನೊಬ್ಬ ನಿಂತಿದ್ದ. ಕಣ್ಣು ಮಿಟುಕಿಸದೆ ನನ್ನ ಹೆಸರು, ತಂದೆಯ ಹೆಸರು, ಊರು ಹೇಳಿದ.

“ಮಗಳ ಕಣ್ಣಿಗಿ ಕತ್ತಿ ಹಚ್ಚಿಸಬ್ಯಾಡ್ರಿ, ಕಣ್ಣ ಹೋಗ್ತಾವ. ನನ್ನ ಸಂಗಟ ಚಿಂಚೋಳಿಗಿ ಬರ್ರಿ, ಬೇರಿನ ಔಷಧ ಕೊಡ್ತೀನಿ.”

ಶಿವನೇ ಕಳಿಸಿದನೆಂದು ನಾನು ಆತನ ಕಾಲಿಗೆ ಬಿದ್ದೆ. ರೂಮು ಬಿಡುತ್ತೇವೆಂದು ಹೇಳಲು ಮ್ಯಾನೇಜರ್ ಬಳಿ ಹೋದರೆ ಮೇಜಿನ ಮೇಲೆ ರಿಜಿಸ್ಟರು ತೆರೆದೇ ಇತ್ತು. ಹೆಸರು, ತಂದೆಯ ಹೆಸರು, ಊರು, ‘ಬಂದ ಕಾರಣ: ಮಗಳ ಕಣ್ಣಿನ ಆಪರೇಶನ್’ ಎಂದು ಹಿಂದಿನ ದಿನ ನಾನೇ ಬರೆದ ಸಾಲಿನ ಪಕ್ಕ ಪೆನ್ಸಿಲಿನ ಗುರುತು. ಪುಟ ತಿರುವಿದೆ. ‘ದವಾಖಾನೆ’ ಎಂದು ಬರೆದವರ ಒಂದೊಂದು ಸಾಲಿಗೂ ಅದೇ ಗುರುತು.

“ಇದನ್ನ ಯಾರ್ ಬೇಕಾದ್ರೂ ಓದಬಹುದೇನ್ರಿ?” ಎಂದೆ.

“ಬರಸ್ರಿ ಅಂತ ಪೊಲೀಸರು ಹೇಳ್ಯಾರ, ಕಾಕಾ. ತೋರಸ್ರಿ ಅಂತನೂ ಹೇಳಿಲ್ಲ, ಮುಚ್ಚಿಡ್ರಿ ಅಂತನೂ ಹೇಳಿಲ್ಲ. ನಾ ಏನ್ ಮಾಡ್ಲಿ?”

“ನನ್ನ ಸಾಲರೆ ಹೊಡದ ಹಾಕ್ರಿ.”

“ಅಳಸಬಾರದು ಅಂತ ಮಾತ್ರ ಖಡಕ್ ಕಾಯಿದೆ ಅದರಿ.”

ಮಗಳ ಕೈ ಹಿಡಿದು ಹಿತ್ತಲ ಬಾಗಿಲಿಂದಲೇ ಸ್ಟೇಷನ್ನಿಗೆ ನಡೆದು ಹೈದರಾಬಾದಿನ ಗಾಡಿ ಹತ್ತಿದೆ. ಗಾಡಿ ಕದಲಿದಾಗ ಆ ವಿಭೂತಿಯವನು ಪ್ಲಾಟ್‌ಫಾರಮ್ಮಿನಲ್ಲಿ ಯಾರೋ ಒಬ್ಬ ತಾಯಿಯೆದುರು ನಿಂತು ಮೆಲ್ಲಗೆ ಏನೋ ಹೇಳುತ್ತಿದ್ದ. ಆಕೆ ಕೈಮುಗಿದಿದ್ದಳು.

ಶಿವನ ದಯೆ, ಮಗಳಿಗೆ ಈಗ ಚೆನ್ನಾಗಿ ಕಾಣುತ್ತದೆ. ನಾನು ಮಾತ್ರ ಅಂದಿನಿಂದ ಯಾವ ಲಾಡ್ಜಿಗೆ ಹೋದರೂ ‘ದೇವರ ದರ್ಶನಕ್ಕೆ’ ಎಂದೇ ಬರೆಯುತ್ತೇನೆ. ಬರೆದದ್ದು ಸುಳ್ಳಾಗಬಾರದಲ್ಲ, ಹಾಗಾಗಿ ಹೋದ ಊರಲ್ಲೆಲ್ಲ ಮೊದಲು ಗುಡಿ ಹುಡುಕುತ್ತೇನೆ.