ಊದುಬತ್ತಿ ಹಚ್ಚಿದ ಅಂಗಡಿಯ ಗಾಳಿ

ಯಗಟಿ ಕಡೆಯ ಹಳ್ಳಿಗಳಲ್ಲಿ ಗಾಡಿಗೆ ಪೆಟ್ರೋಲ್ ಮುಗಿದರೆ ಯಾರೂ ಬಂಕ್ ಹುಡುಕಿಕೊಂಡು ಹೋಗುವುದಿಲ್ಲ. ಬೀಡಿ, ಬಿಸ್ಕತ್ತು ಮಾರುವ ಪೆಟ್ಟಿಗೆ ಅಂಗಡಿಯ ಮುಂದೆ ನೀರಿನ ಬಾಟಲಿಗಳಲ್ಲಿ ಪೆಟ್ರೋಲ್ ತುಂಬಿಸಿ ಇಟ್ಟಿರುತ್ತಾರೆ. ಅಂಥದೊಂದು ಅಂಗಡಿಯ ಅಕ್ಕನ ಸಲುವಾಗಿ ನಾನು ಎರಡು ವರ್ಷ ಸಂಶೋಧನೆಯ ಹಣಕ್ಕೆ ಅರ್ಜಿ ಬರೆದೆ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನನ್ನೂರು ಅಜ್ಜಂಪುರ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು ನಾನು. ಪೆಟ್ರೋಲಿಗೆ ಈಗ ಎಥನಾಲ್ ಬೆರೆಸುತ್ತಾರೆ, ಜೊತೆಗೆ ಇನ್ನೂ ಏನೇನೋ ಸೇರಿರುತ್ತದೆ. ಅದನ್ನು ದಿನವೂ ಉಸಿರಾಡುವವರಿಗೆ ಏನಾಗುತ್ತದೆ, ನೆಲಕ್ಕೆ ಚೆಲ್ಲಿದ್ದು ಬೋರ್‌ವೆಲ್ ನೀರಿಗೆ ಇಳಿದರೆ ಏನಾಗುತ್ತದೆ ಎಂದು ನೋಡಬೇಕಿತ್ತು. ಈ ಅಕ್ಕ ಕಡೂರಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತರಿಸಿ, ಪೈಪಿನ ತುದಿ ಬಾಯಲ್ಲಿಟ್ಟು ಎಳೆದು, ಬಾಟಲಿಗೆ ಬಿಡುತ್ತಿದ್ದಳು. ಎಳೆದದ್ದು ಸ್ವಲ್ಪ ಹೆಚ್ಚಾದರೆ ಬಾಯಿಗೇ ಬರುತ್ತಿತ್ತು. ಉಗಿದು, ಬಾಯಿ ಮುಕ್ಕಳಿಸಿ ಮತ್ತೆ ಎಳೆಯುತ್ತಿದ್ದಳು. ಬಿಡದ ತಲೆನೋವು, ನಾಲಿಗೆಗೆ ರುಚಿಯೇ ಇಲ್ಲ.

"ಇದು ಪೆಟ್ರೋಲಿಂದ್ಲೇ ಅಂತ ನೀವು ಹೇಳ್ಬಿಟ್ರೆ ಇವತ್ತೇ ಬಿಟ್ಬಿಡ್ತೀನಿ ಕಣ್ರೀ ಮೇಡಂ. ಸುಮ್‌ಸುಮ್ನೆ ಬಿಡು ಅಂದ್ರೆ ಹೆಂಗೆ ಬಿಡ್ಲಿ?" ಎಂದಳು.

ನ್ಯಾಯವಾದ ಮಾತು. ಪರೀಕ್ಷೆ ಮಾಡಿ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅಲ್ಲಿಯವರೆಗೆ ಇರಲಿ ಎಂದು ಕೈಯಲ್ಲಿ ಅದುಮುವ ರಬ್ಬರ್ ಪಂಪೊಂದನ್ನು ಕೊಂಡುಹೋಗಿ ಕೊಟ್ಟೆ. ತಿಂಗಳಲ್ಲೇ ಅದು ಮೆತ್ತಗೆ ಅಂಟಂಟಾಗಿ ಮೂಲೆ ಸೇರಿತ್ತು. "ರಬ್ಬರ್ ಕರಗೋಯ್ತು. ಬಾಯೇನು ಕರಗಲ್ವಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಸಂಶೋಧನೆಗೆ ಹಣ ಕೊಡುವ ಸಮಿತಿಯವರು, ಮೊದಲು ಅಲ್ಲಿನ ಗಾಳಿಯ ಒಂದು ಸ್ಯಾಂಪಲ್ ತೋರಿಸಿ ಎಂದರು. ಬೇರೆ ವಿಭಾಗದವರ ಕೈಕಾಲು ಹಿಡಿದು ಒಂದು ದಿನದ ಮಟ್ಟಿಗೆ ಗಾಳಿ ಹಿಡಿಯುವ ಯಂತ್ರ ತಂದೆ. ಬರುವ ದಿನವನ್ನು ಅಕ್ಕನಿಗೆ ಮೊದಲೇ ಹೇಳಿದ್ದೇ ನನ್ನ ತಪ್ಪು. ನಾನು ಹೋಗುವಷ್ಟರಲ್ಲಿ ಅಂಗಡಿಯನ್ನು ಸಾರಿಸಿ, ಕ್ಯಾನು ಬಾಟಲಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ, ಒಳಗೆ ಇಡೀ ಒಂದು ಕಟ್ಟು ಊದುಬತ್ತಿ ಹಚ್ಚಿದ್ದಳು. ಹಣೆ ತುಂಬ ವಿಭೂತಿ, ಮದುವೆ ಮನೆಗೆ ಉಡುವ ಸೀರೆ.

"ಯೂನಿವರ್ಸಿಟಿಯೋರು ಬತ್ತಾರೆ, ನಾತ ಹೊಡೀಬಾರ್ದು ಅಂತ..." ಎಂದಳು.

ಪೆಟ್ರೋಲಿನಲ್ಲಿ ನಾನು ಹುಡುಕುತ್ತಿದ್ದ ಬೆಂಜೀನ್ ಎಂಬ ವಿಷ ಊದುಬತ್ತಿಯ ಹೊಗೆಯಲ್ಲೂ ಇರುತ್ತದೆ. ಯಾವುದು ಪೆಟ್ರೋಲಿನದು, ಯಾವುದು ಬತ್ತಿಯದು ಎಂದು ಯಾವ ಯಂತ್ರ ಹೇಳೀತು? ಅವಳ ಮೇಲೆ ರೇಗಬೇಕು ಅನ್ನಿಸಿತು, ನಿಜ. ಅಷ್ಟರಲ್ಲಿ ಲೋಟ ತುಂಬ ಕಾಫಿ ತಂದು ಕೈಗಿತ್ತಳು. ಸಂಜೆ ಯಂತ್ರ ವಾಪಸ್ ಕೊಡಬೇಕಿತ್ತು. ಇದ್ದ ಗಾಳಿಯನ್ನೇ ಹಿಡಿದುಕೊಂಡು ಹೋದೆ. ಊದುಬತ್ತಿಯ ಸಂಗತಿಯನ್ನೂ ಮುಚ್ಚಿಡದೆ ಬರೆದೆ. ಅರ್ಜಿ ಹಿಂದಕ್ಕೆ ಬಂತು.

ಮತ್ತೊಂದು ಅವಕಾಶ ಕೊಡಿ ಎಂದು ಕೇಳಲು ಫೋನ್ ಮಾಡಿದೆ. "ಸ್ಯಾಂಪಲ್ ವಿಷಯ ಬಿಡಿ ಮೇಡಂ. ಬಾಟ್ಲಿಯಲ್ಲಿ ಪೆಟ್ರೋಲ್ ಮಾರೋದೇ ಕಾನೂನಿಗೆ ವಿರುದ್ಧ. ಲೈಸೆನ್ಸ್ ಇಲ್ಲದ ಜಾಗದ ಸ್ಟಡಿಗೆ ಫಂಡ್ ಹೇಗೆ ಕೊಡೋದು? ಯಾವುದಾದ್ರೂ ಬಂಕ್‌ನಲ್ಲಿ ಮಾಡಿ" ಎಂದರು ಸಮಿತಿಯ ಅಧಿಕಾರಿ. ಬಂಕ್‌ನಲ್ಲಿ ಯಾರು ಸ್ವಾಮಿ ಬಾಯಲ್ಲಿ ಎಳೆಯುತ್ತಾರೆ ಎಂದು ಕೂಗಾಡಿದೆ. ಅದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ ಎಂದು ಫೋನಿಟ್ಟರು. ಲೈಸೆನ್ಸ್ ಇಲ್ಲದವರಿಗೆ ಶ್ವಾಸಕೋಶವೂ ಇರುವುದಿಲ್ಲ ಎಂದು ಇವರ ಲೆಕ್ಕ!

ಹೋದ ತಿಂಗಳು, ಆದದ್ದನ್ನು ಹೇಳಲು ಸ್ಕೂಟರಿನಲ್ಲಿ ಹೊರಟೆ. ಊರು ಕಾಣುವಷ್ಟರಲ್ಲಿ ಪೆಟ್ರೋಲ್ ಮುಗಿಯಿತು. ಬಿಸಿಲಲ್ಲಿ ತಳ್ಳಿಕೊಂಡೇ ಅಂಗಡಿ ಮುಟ್ಟಿದೆ.

"ರಿಪೋರ್ಟ್ ಬಂತಾ ಮೇಡಂ?"

"ಇಲ್ಲ ಅಕ್ಕ. ಅವರು ದುಡ್ಡು ಕೊಡಲ್ಲ ಅಂದ್ರು. ಇನ್ನು ಪರೀಕ್ಷೆ ಆಗಲ್ಲ."

ಅವಳ ಮುಖ ಅರಳಿತು. "ಅಷ್ಟು ಓದಿದೋರು ನೋಡಿ ಬೇಡ ಅಂದ್ರು ಅಂದ್ರೆ ಏನೂ ಇಲ್ಲ ಅಂತಲೇ ಅಲ್ವಾ? ನಾನು ಸುಮ್ನೆ ಹೆದ್ರಿಕೊಂಡಿದ್ದೆ ಕಣ್ರೀ."

ಹಾಗಲ್ಲ ಅಕ್ಕ ಎಂದು ನಾನು ಶುರುಮಾಡುವ ಹೊತ್ತಿಗೆ ಅವಳು ಬಾಟಲಿಗಳತ್ತ ನೋಡಿದಳು. ಎಲ್ಲವೂ ಖಾಲಿಯಾಗಿದ್ದವು. ಕ್ಯಾನನ್ನು ಹತ್ತಿರ ಎಳೆದುಕೊಂಡು, ಪೈಪನ್ನು ಸೆರಗಿನಿಂದ ಒರೆಸಿ ಬಾಯಿಗಿಟ್ಟುಕೊಂಡಳು. ನನ್ನ ಸ್ಕೂಟರಿಗೆ.